ಕಂಬಳಿ ಹಾಸಿದ ಆಸ್ಟಿನ್ನು

ಬೀಗರಾಗಲಿರುವವರ ಧೋತರ ತಮ್ಮ ಕಾರಿನಲ್ಲಿ ಹರಿಯಿತೆಂಬ ಸಂಕಟ ಭಾಗ್ಯನಗರದ ಹೇಮಪ್ಪನವರಿಗೆ ಹದಿನೈದು ದಿನ ಉಂಡದ್ದು ಮೈಗೆ ಹತ್ತಗೊಡಲಿಲ್ಲ.

ಕಾರೇನೂ ಸಾಮಾನ್ಯದ್ದಲ್ಲ. ಗಂಗಾವತಿಯ ಭತ್ತದ ಸಾಹುಕಾರರೊಬ್ಬರು ಇಪ್ಪತ್ತೈದು ವರ್ಷ ಮೆರೆಸಿ, ಮನೆಗೆ ಹೊಸ ಗಾಡಿ ಬಂದ ಮೇಲೆ ಬಿಟ್ಟುಕೊಟ್ಟ ಆಸ್ಟಿನ್. ಇಂಜಿನ್ನು ಗಟ್ಟಿ, ಹಾರನ್ನು ಗಂಭೀರ. (ಓಣಿಯ ಎಮ್ಮೆಗಳು ಅದಕ್ಕೆ ತಪ್ಪದೆ ಉತ್ತರ ಕೊಡುತ್ತಿದ್ದವು.) ಒಳಗೆ ಮಾತ್ರ ಸೀಟಿನ ತೊಗಲು ಬೇಸಿಗೆಯ ಎರೆಹೊಲದಂತೆ ಬಿರುಕು ಬಿಟ್ಟಿತ್ತು, ನೆಲದ ಹಾಸು ಇಲಿಗಳ ಪಾಲಾಗಿತ್ತು. ಹನುಮಸಾಗರದ ವಿರುಪಣ್ಣನವರು ಮಗಳನ್ನು ಕೊಡುವ ಮೊದಲು ಮನೆತನ ನೋಡಲೆಂದು ಬಂದಾಗ ಹೇಮಪ್ಪನವರು ಅವರನ್ನು ಈ ಕಾರಿನಲ್ಲಿಯೇ ಕರೆತಂದರು. ಇಳಿಯುವಾಗ ಸೀಟಿನ ಸ್ಪ್ರಿಂಗು ಧೋತರ ಹಿಡಿದುಕೊಂಡಿತು. ಎಳೆದರೆ ಚರ್ರೆಂದಿತು.

"ನಿಮ್ಮ ಕಾರಿಗೆ ಬಂದವ್ರನ್ನ ಕಳಸಾಕ ಮನಸಿಲ್ಲ ಬಿಡ್ರಿ," ಎಂದರು ವಿರುಪಣ್ಣ. ಹರಿದಲ್ಲಿ ಎಡಗೈ ಒತ್ತಿಕೊಂಡು ಬಲಗೈಯಲ್ಲಿ ಉಂಡು ಹೋದರು.

ಅವರ ಮಗಳನ್ನು ಇನ್ನೂ ಮೂರು ಮನೆಯವರು ಕೇಳುತ್ತಿದ್ದರು. ಹೇಮಪ್ಪನವರ ಮಗನಿಗೆ ಐದು ಕಡೆ ಕೇಳಿ, ಐದೂ ತಪ್ಪಿ, ವಯಸ್ಸು ಇಪ್ಪತ್ತೊಂಬತ್ತಾಗಿತ್ತು. ಹೆಂಡತಿ ಹಂಪವ್ವ ಆ ಹುಡುಗಿಯನ್ನು ನೋಡಿ ಬಂದಂದಿನಿಂದ, ಸೊಸೆ ಎಂದರೆ ಇವಳೇ ಎಂದು ಪಟ್ಟು ಹಿಡಿದು ಕೂತಿದ್ದಳು. ಅಂತೂ ಒಪ್ಪಿಗೆ ಬಂತು. ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವ ದಿನ ಗೊತ್ತಾಯಿತು.

"ಬಸ್ಸಿಗೆ ಹೋಗೂಣ್ರಿ," ಎಂದಳು ಹಂಪವ್ವ.

"ಬಸ್ಸಿಗೆ ಹೋದ್ರ ಆ ಧೋತರ ಜೀವಮಾನಪೂರ ಹರದ ಇರತೈತಿ. ಹಾಸು, ಸೀಟು ಎಲ್ಲಾ ಹೊಸಾದು ಮಾಡಿಸಿ, ಅವ್ರ ಅಗಸಿ ಮುಂದ ಇಳದಾಗನ ಅದು ಹೊಲದಂಗ."

"ಹೊಲಿಯೂದು ಧೋತರ. ನೀವು ಕಾರು ಹೊಲಸ್ತೀರಿ."

ಕೊಪ್ಪಳದ ಯಮನೂರಸಾಬ ಟಾಂಗಾ ಸೀಟಿಗೂ ಮದುವೆಯ ಗಾದಿಗೂ ಹೆಸರಾದವನು. ಹಳೆಯ ತೊಗಲು ಬಿಚ್ಚಿ, ಇಲಿಗೂಡನ್ನು ಹೊರಗಿಟ್ಟು, ತಲೆ ಅಲ್ಲಾಡಿಸಿದ.

"ರೆಕ್ಸಿನ್ ಬ್ಯಾಡ್ರಿ ಸಾವಕಾರ್ರ. ನಮ್ಮ ಬಿಸಲಿಗೆ ಅದು ಕಾದ್ರ ಕುಂತವ್ರು ಹಂಚಿನ ಮ್ಯಾಲಿನ ರೊಟ್ಟಿ ಆಕ್ಕಾರ. ಗಾದಿ ಬಟ್ಟಿ ಹಾಕಿ ಅರಳಿ ತುಂಬತೀನಿ."

"ಅರಳಿ ಕಡಿಮಿ ಮಾಡಬ್ಯಾಡ."

ಯಮನೂರಸಾಬ ಮಾತಿಗೆ ತಪ್ಪುವವನಲ್ಲ. ಹತ್ತಿ ಕಡಿಮೆ ಮಾಡಲಿಲ್ಲ. ಸೀಟಿನ ಮೇಲೆ ಕೂತ ಹೇಮಪ್ಪನವರ ನೆತ್ತಿ ಕಾರಿನ ಛತ್ತಿಗೆ ತಾಗಿತು. "ನಾಕು ದಿನ ಕುಂತ್ರ ತಗ್ಗತೈತ್ರಿ," ಎಂದ. ಸಕ್ಕರೆಗೆ ಉಳಿದದ್ದು ಎರಡೇ ದಿನ.

ನೆಲಕ್ಕೆ ತಕ್ಕ ಹಾಸು ಪೇಟೆಯಲ್ಲಿ ಸಿಗಲಿಲ್ಲ. ಹೇಮಪ್ಪನವರು ಕಂಬಳಿ ನೇಯುವ ಮುದಿಯಪ್ಪನ ಬಳಿ ಅಳತೆಯ ಚೀಟಿ ಹಿಡಿದು ಹೋದರು.

"ನೇದ ಕಂಬಳಿಗೆ ಕತ್ತರಿ ಹಚ್ಚಾಂಗಿಲ್ರಿ," ಎಂದ ಮುದಿಯಪ್ಪ. "ತುಳಿಯಾಂಗೂ ಇಲ್ಲ. ದೇವರ ಗದ್ದಿಗಿ ಅದು."

"ನಾ ಎಲ್ಲಿ ತುಳೀತೀನಿ? ಅದರ ಮ್ಯಾಲ ಕಾಲು ಇಡತೀನಿ, ಅಷ್ಟ."

"ಹಂಗಾರ ಮೆಟ್ಟು ಕಳದು ಇಡ್ರಿ."

ಇದು ಹೇಮಪ್ಪನವರ ಮನಸ್ಸಿಗೆ ನಾಟಿತು. ಕಂಬಳಿಯನ್ನು ಇಡಿಯಾಗಿಯೇ ಮಡಿಚಿ, ಮುಂದಿನ ಸೀಟಿನ ಅಡಿಗೆ ತೂರಿಸಿ ಹಿಂದೆ ಮುಂದೆ ಹಾಸಿದರು. ಹೊರಡುವ ಬೆಳಿಗ್ಗೆ ಬಾಗಿಲು ಹಿಡಿದು ನಿಂತು, "ಮೆಟ್ಟು ಕಳದು ಹತ್ತರಿ, ಗುಡಿಗೆ ಹೋದಂಗ," ಎಂದು ಅಪ್ಪಣೆ ಕೊಟ್ಟರು. ಅಣ್ಣ ಮುದುಕಪ್ಪನವರು ಕಿರಗುಡುವ ಹೊಸ ಮೆಟ್ಟು ಕಳಚಿದರು, ಹಂಪವ್ವನ ತಮ್ಮ ಹುಲಿಗೆಪ್ಪ ಕಳಚಿದ, ಹೇಮಪ್ಪನವರೂ ಕಳಚಿದರು. ಮೂರು ಜೋಡಿಯೂ ಮನೆಯ ಕಟ್ಟೆಗೆ ಮುಖ ಮಾಡಿ ಸಾಲಾಗಿ ನಿಂತವು. (ಹಂಪವ್ವ ಹುಟ್ಟಿದಂದಿನಿಂದ ಮೆಟ್ಟು ಮೆಟ್ಟಿದವಳಲ್ಲ.) ಕಾರು ಹೊರಟಿತು. ಮೆಟ್ಟು ಅಲ್ಲಿಯೇ ಉಳಿದವು.

ಕುಷ್ಟಗಿ ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ಮುದುಕಪ್ಪನವರ ರುಮಾಲು ಛತ್ತಿಗೆ ಬಡಿದು ಒಂದೊಂದು ಸುತ್ತು ಬಿಚ್ಚಿತು. ಕೊನೆಗೆ ಅವರು ಅದನ್ನು ಮಡಿಚಿ ಹೆಗಲಿಗೆ ಹಾಕಿಕೊಂಡರು. ಹುಲಿಗೆಪ್ಪನೂ ಹಾಗೇ ಮಾಡಿದ. ಹೇಮಪ್ಪನವರ ಟೋಪಿ ಕಣ್ಣ ಮೇಲೆ ಇಳಿದು ರಸ್ತೆ ಕಾಣದಾದ್ದರಿಂದ ಅವರೂ ತೆಗೆದಿಟ್ಟರು.

ಹನುಮಸಾಗರ ಸೇರಿದಾಗ ಹೊತ್ತು ನೆತ್ತಿಗೆ ಬಂದಿತ್ತು. ವಿರುಪಣ್ಣನವರ ಓಣಿ ಇಕ್ಕಟ್ಟು. ಊರಬಾಗಿಲ ಅಗಸಿಯಲ್ಲಿಯೇ ಇಳಿದು ನಡೆಯಬೇಕು. ಕಾಲು ಕೆಳಗಿಟ್ಟ ಮೇಲೆಯೇ ಮೂವರಿಗೂ ಮೆಟ್ಟಿನ ನೆನಪಾದದ್ದು. ವೈಶಾಖದ ಕಲ್ಲು ಕೆಂಡವಾಗಿತ್ತು. ಬೀಗರ ಊರಲ್ಲಿ ಕುಣಿಯುವಂತಿಲ್ಲ. ಹಲ್ಲು ಕಚ್ಚಿ, ಒಬ್ಬರ ಮುಖ ಒಬ್ಬರು ನೋಡದೆ ಬಿರಬಿರನೆ ನಡೆದರು. ಕಣ್ಣಲ್ಲಿ ನೀರಾಡಿತು.

ಬರಿದಲೆ, ಬರಿಗಾಲು, ಹೆಗಲ ಮೇಲೆ ರುಮಾಲು, ಕಣ್ಣಲ್ಲಿ ನೀರು. ನಮ್ಮ ಸೀಮೆಯಲ್ಲಿ ಹೀಗೆ ಬರುವವರು ಒಂದೇ ಸುದ್ದಿ ತರುತ್ತಾರೆ.

ಕಟ್ಟೆಯ ಮೇಲಿದ್ದ ವಿರುಪಣ್ಣನವರ ತಾಯಿ ಬಸವಣ್ಣೆಮ್ಮ ಒಮ್ಮೆ ನೋಡಿ, ಮದುಮಗನಾಗುವವನು ಜೊತೆಗಿಲ್ಲದ್ದನ್ನೂ ಕಂಡು, (ಸಕ್ಕರೆಗೆ ಗಂಡು ಬರುವ ಪದ್ಧತಿಯಿಲ್ಲ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ) ಎದೆ ಬಡಿದುಕೊಂಡಳು. "ನಮ್ಮನಿ ಅಳಿಯ ಆಗೂ ಮಗನ, ಇನ್ನಾ ಸಕ್ಕರಿ ಬಾಯಾಗ ಹಾಕಿದ್ದಿಲ್ಲಲ್ಲೋ." ಒಳಗಿನ ಹೆಂಗಸರು ಕಾರಣ ಕೇಳಲಿಲ್ಲ; ಮೊದಲು ಅತ್ತರು.

ಅಳು ಕೇಳಿ ಮುದುಕಪ್ಪನವರು ಬೀಗರ ಮನೆಯಲ್ಲಿಯೇ ಯಾರೋ ತೀರಿಕೊಂಡಿದ್ದಾರೆಂದು ತಿಳಿದರು. ಹಿರಿಯ ಮನುಷ್ಯ, ರೀತಿ ಬಲ್ಲವರು. ಅಂಗಳದಲ್ಲಿ ಕೂತು ತಾವೂ ಧ್ವನಿ ಸೇರಿಸಿದರು. ವಿರುಪಣ್ಣ ತಮ್ಮ ರುಮಾಲು ತೆಗೆದು ಹೇಮಪ್ಪನವರ ಭುಜ ಹಿಡಿದರು.

"ಧೈರ್ಯ ತಗೋರಿ. ಹ್ಯಾಂಗಾತು?"

ಹೇಮಪ್ಪನವರ ಅಂಗಾಲು ಬೊಬ್ಬೆ ಎದ್ದಿತ್ತು. "ಹಾ... ಹಾ..." ಎಂಬುದಷ್ಟೇ ಹೊರಟಿತು.

ಅಷ್ಟರಲ್ಲಿ ಹಿಂದಿನಿಂದ ಸಕ್ಕರೆಯ ತಾಟು, ಸೀರೆ ಕುಪ್ಪಸ ಹೊತ್ತ ಹಂಪವ್ವ ಬಂದು ಹೊಸಲಲ್ಲಿ ನಿಂತಳು. "ಯಾರು ಹೋದ್ರು?"

"ನೀವ ಹೇಳಬೇಕವ್ವಾ," ಎಂದಳು ಬಸವಣ್ಣೆಮ್ಮ. "ಸುದ್ದಿ ತಂದವ್ರು ನೀವು."

ಹಂಪವ್ವ ಮೂವರು ಗಂಡಸರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಯಾರೂ ಹೋಗಿಲ್ಲ ಬೇ. ನಮ್ಮನಿಯವ್ರ ಬುದ್ಧಿ ಹೋಗೇತಿ. ಅದು ಹಳೇ ಸುದ್ದಿ, ಅದಕ್ಕ ಅಳಬ್ಯಾಡ್ರಿ."

ಸೀಟು, ಕಂಬಳಿ, ಮೆಟ್ಟಿನ ಕಥೆಯನ್ನು ಅವಳು ಬಿಡಿಸಿ ಹೇಳಿದರೂ ಯಾರೂ ನಗಲಿಲ್ಲ. ವಿರುಪಣ್ಣ ರುಮಾಲು ಮತ್ತೆ ಸುತ್ತುತ್ತ ಸಣ್ಣ ದನಿಯಲ್ಲಿ, "ಅತ್ತ ಮನಿಯಾಗ ಸಕ್ಕರಿ ಹಂಚೂದು ಹ್ಯಾಂಗ? ಮುಂದ ನೋಡೂಣು," ಎಂದರು. ಆ 'ಮುಂದ' ಎಂಬ ಮಾತನ್ನು ಹೇಮಪ್ಪನವರು ಐದು ಮನೆಗಳಲ್ಲಿ ಕೇಳಿದ್ದರು. ಅಂಗಾಲಿನ ಉರಿಯೂ ಮರೆತುಹೋಯಿತು. ಹಂಪವ್ವ ತಾಟು ಇಳಿಸಲಿಲ್ಲ.

ಮೊದಲು ಅತ್ತವಳು ತಾನೇ ಆದ್ದರಿಂದ ಬಸವಣ್ಣೆಮ್ಮನೇ ದಾರಿ ಹುಡುಕಿದಳು. "ಇದು ಬಂದದ್ದಲ್ಲ ಅಂತ ತಿಳೀರಿ. ಊರ ಹೊರಗ ಹೋಗಿ, ತಲಿಗೆ ಸುತ್ತಿಕೊಂಡು, ಚಕ್ಕಡ್ಯಾಗ ಹೊಸದಾಗಿ ಬರ್ರಿ. ಆ ಕಾರು ಅಲ್ಲೇ ಇರಲಿ. ಅದರಾಗಿನ ಕಂಬಳಿ ತರ್ರಿ. ಗದ್ದಿಗಿ ಹಾಸಿದ ಮ್ಯಾಲ ಅಳು ನಿಂದರಾಂಗಿಲ್ಲ."

ಹಾಗೇ ಆಯಿತು. ಬೀಗರ ಮನೆಯ ಮೆಟ್ಟು ಮೆಟ್ಟಿಕೊಂಡು, ಬೀಗರ ಎತ್ತಿನ ಚಕ್ಕಡಿಯಲ್ಲಿ, ಹೇಮಪ್ಪನವರು ಅದೇ ಊರಿಗೆ ಎರಡನೆಯ ಸಲ ಬಂದರು. ಕಂಬಳಿಯ ಮೇಲೆ ಹುಡುಗಿ ಕೂತಳು, ಸಕ್ಕರೆ ಹಂಚಿದರು, ಮಾತು ಗಟ್ಟಿಯಾಯಿತು. ಸಕ್ಕರೆಗೆ ಹಾಸಿದ ಕಂಬಳಿಯನ್ನೇ ಮದುವೆಗೂ ಹಾಸಬೇಕೆಂದು ಬಸವಣ್ಣೆಮ್ಮ ಅದನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟಳು.

ಬೀಳ್ಕೊಡಲು ವಿರುಪಣ್ಣ ಅಗಸಿಯವರೆಗೆ ಬಂದರು. "ಒಮ್ಮೆ ಕುಂತು ನೋಡ್ರಿ ಬೀಗ್ರ," ಎಂದರು ಹೇಮಪ್ಪ. ವಿರುಪಣ್ಣ ಹೆಬ್ಬೆರಳಿನಿಂದ ಸೀಟು ಒತ್ತಿ, ಛತ್ತು ನೋಡಿದರು. "ಧೋತರಕ್ಕ ಭಯ ಇಲ್ಲ ಈಗ. ರುಮಾಲಕ್ಕ ಐತಿ." ಕೂಡಲಿಲ್ಲ.

ಎರವಲು ಮೆಟ್ಟು ದೊಡ್ಡದು. ಒಂದನ್ನೊತ್ತಿದರೆ ಬ್ರೇಕೂ ಎಕ್ಸಲರೇಟರೂ ಒಟ್ಟಿಗೆ ಒತ್ತುತ್ತಿದ್ದವು. ಹೇಮಪ್ಪನವರು ಅದನ್ನು ಕಳಚಿದರು. ಕಂಬಳಿಯಿಲ್ಲದ ನೆಲದ ತಗಡು ಇಂಜಿನ್ನಿನ ಕಾವಿಗೆ ಹಂಚಿನಂತೆ ಕಾದಿತ್ತು. ಬೊಬ್ಬೆಗಾಲನ್ನು ಅದರ ಮೇಲಿಟ್ಟು ಕುಷ್ಟಗಿಯವರೆಗೆ ಕಾರು ನಡೆಸಿದರು. ಪಕ್ಕದಲ್ಲಿ ಹಂಪವ್ವ ಎರಡೂ ಕಾಲು ಮೇಲೆತ್ತಿ, ಚಕ್ಕಳಮಕ್ಕಳ ಹಾಕಿ, ಹೊಸ ಸೀಟಿನಲ್ಲಿ ಹುಗಿದುಕೊಂಡು ಕೂತಿದ್ದಳು. ಕುಷ್ಟಗಿ ಹತ್ತಿರ ಬಂದಾಗ ಸಮಾಧಾನದಿಂದ ಅಂದಳು:

"ಏನ ಅನ್ರಿ, ಸೀಟು ಮಾತ್ರ ಭಾಳ ಛಲೋ ಮಾಡಿಸೀರಿ. ಕಾಲು ಕೆಳಗ ಬಿಡಬೇಕಂತ ಅನ್ನಸವಲ್ದು."