ಮೂಲೆ ಮಿಸ್

ತರಗತಿಯಲ್ಲಿ ನಾನು ಇದ್ದೇನೆಂದು ಯಾರಿಗೂ ಗೊತ್ತಾಗಬಾರದು. ಇದು ನನ್ನ ಕೆಲಸದ ಮೊದಲ ನಿಯಮ. ಈ ವಿಷಯದಲ್ಲಿ ನನಗೆ ತರಬೇತಿಯ ಅಗತ್ಯ ಬೀಳಲಿಲ್ಲ. ಮದುವೆ ಮನೆಗಳಲ್ಲಿ ಬಡಿಸುವವರು ನನ್ನ ಮುಂದಿನ ಎಲೆಯ ಹಿಂದೆ ಯಾರೂ ಇಲ್ಲವೆಂದುಕೊಂಡು ದಾಟಿ ಹೋದದ್ದುಂಟು. ವಿಜಯನಗರದ ನಮ್ಮ ಮನೆಯಲ್ಲಿ ನಾನು ಕೂತಿರುವ ಕೋಣೆಯ ಫ್ಯಾನನ್ನು ಅಮ್ಮ ಆರಿಸಿ ಹೋಗುತ್ತಾರೆ. ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಗೋವಿಂದರಾಜನಗರದ ಒಂದು ಪುಟ್ಟ ಶಾಲೆಗೆ ಸೇರಿದಾಗ, ಅಷ್ಟು ಕಾಲ ಕೊರತೆ ಅನಿಸಿಕೊಂಡಿದ್ದ ಈ ಗುಣ ಒಮ್ಮೆಲೇ ಅರ್ಹತೆಯಾಯಿತು!

ನನ್ನಂಥವರನ್ನು ಶಾಲೆಗಳಲ್ಲಿ ಶ್ಯಾಡೋ ಟೀಚರ್ ಎನ್ನುತ್ತಾರೆ. ನಾವು ಪಾಠ ಮಾಡುವುದಿಲ್ಲ. ಪಾಠದಲ್ಲಿ ಹಿಂದೆ ಬೀಳುವ ಒಂದು ಮಗುವಿನ ಬಳಿ ಇದ್ದು, ಅದು ತಾನಾಗಿಯೇ ಕಲಿಯುವ ಹಾಗೆ ನೋಡಿಕೊಳ್ಳುತ್ತೇವೆ. ಉತ್ತರ ಹೇಳಿಕೊಡುವುದು ಮಹಾಪರಾಧ. ನಾನಂತೂ ಉತ್ತರವಿರಲಿ, ತರಗತಿಯಲ್ಲಿ ಕೆಮ್ಮಿದವಳೂ ಅಲ್ಲ.

ನನ್ನ ಪಾಲಿಗೆ ಬಂದ ಮಗು ಎರಡನೇ ಕ್ಲಾಸಿನ ಇಂಚರ. ಅವಳಿಗೆ ಅಕ್ಷರಗಳು ಒಂದೊಂದಾಗಿ ಬಂದರೆ ಪರಿಚಯ, ಗುಂಪಾಗಿ ಬಂದರೆ ಭಯ. ಮಾಗಡಿ ರೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಅವಳ ಅಪ್ಪ ಮತ್ತು ನಮ್ಮ ಪ್ರಿನ್ಸಿಪಾಲ್ ಮೇಡಂ ಸೇರಿ ಒಂದು ತೀರ್ಮಾನಕ್ಕೆ ಬಂದಿದ್ದರು. ವರ್ಷದ ಕೊನೆಗೆ ಇಂಚರ ತಾನು ಮೊದಲು ಕಂಡಿರದ ಒಂದು ಪಾಠವನ್ನು ಮೇಡಂ ಎದುರು ಓದಬೇಕು. ನಾನು ಕೋಣೆಯಲ್ಲಿ ಇರಕೂಡದು. ಓದಿದರೆ ಮೂರನೇ ಕ್ಲಾಸು, ಇಲ್ಲವಾದರೆ ಮತ್ತೆ ಎರಡನೆಯದು. ಅವಳ ಪಕ್ಕ ಕೂರುವ ಪ್ರಾರ್ಥನಾ ಆಗಲೇ ಮೂರನೇ ಕ್ಲಾಸಿನಲ್ಲಿ ಇಬ್ಬರಿಗೂ ಬೆಂಚು ಗೊತ್ತುಮಾಡಿ ಬಂದಿದ್ದಳು. ಪ್ರಾರ್ಥನಾ ಒಬ್ಬಳೇ ಅಲ್ಲಿಗೆ ಹೋಗಿಬಿಟ್ಟರೆ ಎಂಬ ಯೋಚನೆಗೇ ಇಂಚರಳ ಕೆಳದುಟಿ ಮುಂದೆ ಬರುತ್ತಿತ್ತು.

ಈಗ ಆ ಕೋಣೆಯ ವಿಷಯ. ನಮ್ಮ ಶಾಲೆ ಮೊದಲು ಯಾರದೋ ವಾಸದ ಮನೆ. ಎರಡನೇ ಕ್ಲಾಸು ನಡೆಯುವುದು ಅವರ ಊಟದ ಮನೆಯಲ್ಲಿರಬೇಕು. ಪಕ್ಕದ ಕಟ್ಟಡ ಹೊರಗಿನ ಕಿಟಕಿಗೆ ಅಂಟಿಕೊಂಡೇ ಎದ್ದಿರುವುದರಿಂದ ನಡುಹಗಲಲ್ಲೂ ಟ್ಯೂಬ್‌ಲೈಟ್ ಬೇಕು. ಕೊನೆಯ ಬೆಂಚಿನ ಹಿಂದೆ, ಸ್ಟೀಲ್ ಬೀರುವಿಗೂ ಗೋಡೆಗೂ ನಡುವೆ, ಒಬ್ಬರು ನಿಲ್ಲುವಷ್ಟು ಮೂಲೆಯಿದೆ. ಟ್ಯೂಬ್‌ಲೈಟಿನ ಬೆಳಕು ಅಲ್ಲಿಗೆ ತಲುಪುವ ಮೊದಲೇ ಸುಸ್ತಾಗುತ್ತದೆ. ಜೂನ್‌ನಿಂದ ದಸರಾ ರಜೆಯವರೆಗೆ ನಾನು ನಿಂತು ಕೆಲಸ ಮಾಡಿದ್ದು ಆ ಮೂಲೆಯಲ್ಲಿ.

ರಜೆ ಮುಗಿದ ಮೇಲೆ, ಪುಸ್ತಕಗಳಲ್ಲಿ ಹೇಳಿರುವ ಪ್ರಕಾರ, ಆಸರೆಯನ್ನು ಹಂತ ಹಂತವಾಗಿ ಹಿಂದಕ್ಕೆ ತೆಗೆಯಲು ಶುರುಮಾಡಿದೆ. ಮೊದಲು ಮೂಲೆಯಿಂದ ಬಾಗಿಲಿಗೆ ಬಂದೆ. ಆಮೇಲೆ ಬಾಗಿಲಿನಿಂದ ಹೊರಗೆ. ಕೊನೆಗೆ ಕಾರಿಡಾರಿನ ಪುಟ್ಟ ಕಿಟಕಿಯ ಬಳಿ, ಒಳಗಿನವರಿಗೆ ಕಾಣದ ಹಾಗೆ ಪಕ್ಕಕ್ಕೆ ನಿಂತು, ಕಿಂಡಿಯಿಂದ ಗಮನಿಸತೊಡಗಿದೆ. ಎಲ್ಲವೂ ಶಾಸ್ತ್ರೋಕ್ತವಾಗಿತ್ತು.

ಆಗ ಕಂಡದ್ದು.

ಮೋಡ ಮುಚ್ಚಿದ ಮಧ್ಯಾಹ್ನ. ಕ್ಲಾಸ್ ಟೀಚರ್ ಪುಷ್ಪಾ ಮಿಸ್ ಇಂಚರಳಿಗೆ ಒಂದು ಸಾಲು ಓದಲು ಹೇಳಿದರು. ಅವಳು ಎದ್ದು ನಿಂತಳು. ಪುಸ್ತಕ ನೋಡಲಿಲ್ಲ. ನಿಧಾನವಾಗಿ ಕತ್ತು ತಿರುಗಿಸಿ ಹಿಂದಿನ ಖಾಲಿ ಮೂಲೆಯನ್ನು ನೋಡಿದಳು. ಸ್ವಲ್ಪ ಹೊತ್ತು ಕಾದಳು. ಅಲ್ಲಿಂದ ಅಪ್ಪಣೆ ಸಿಕ್ಕವಳಂತೆ ಮುಗುಳ್ನಕ್ಕು, ಮುಂದೆ ತಿರುಗಿ, ಒಂದು ಪದ ಓದಿದಳು. ಮತ್ತೆ ಮೂಲೆ. ಮತ್ತೆ ಒಂದು ಪದ.

ಮಕ್ಕಳ ಚೇಷ್ಟೆ ಎಂದುಕೊಂಡೆ. ಪುಷ್ಪಾ ಮಿಸ್ ಇಡೀ ಕ್ಲಾಸಿಗೆ ಒಂದು ಮಗ್ಗಿ ಕೇಳಿದರು. ಎಲ್ಲ ತಲೆಗಳೂ ಒಟ್ಟಿಗೆ, ಸದ್ದಿಲ್ಲದೆ, ಆ ಮೂಲೆಯ ಕಡೆ ತಿರುಗಿದವು! ಬೀರುವಿನ ಪಕ್ಕದ ಕತ್ತಲೆಯನ್ನು ಅಷ್ಟೂ ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಪುಷ್ಪಾ ಮಿಸ್ ಕೂಡ ಒಮ್ಮೆ ಅತ್ತ ನೋಡಿದ ಹಾಗೆ ನನಗೆ ಅನ್ನಿಸಿತು. ಆಮೇಲೆ ಎಲ್ಲರೂ ಒಂದೇ ದನಿಯಲ್ಲಿ ಸರಿಯಾದ ಉತ್ತರ ಹೇಳಿದರು.

ನಾನು ಕಿಂಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದೆ.

ಇದು ದಿನವೂ ನಡೆಯತೊಡಗಿತು. ಸಂಶೋಧನೆಯ ಮೊದಲ ಹೆಜ್ಜೆ ಸಂದರ್ಶನ. ಊಟದ ಬಿಡುವಿನಲ್ಲಿ ಇಂಚರಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ಓದುವಾಗ ಹಿಂದೆ ಯಾಕೆ ನೋಡುತ್ತಾಳೆಂದು ಕೇಳಿದೆ. ಅವಳು ಚಪಾತಿ ಸುರುಳಿಯನ್ನು ಅಗಿಯುತ್ತಾ, "ಮಿಸ್‌ನ ನೋಡ್ತೀನಿ" ಅಂದಳು.

"ಯಾವ ಮಿಸ್?"

"ಮೂಲೆ ಮಿಸ್."

"ಅವರು ಏನು ಮಾಡ್ತಾರೆ?"

"ಏನೂ ಮಾಡಲ್ಲ. ಸುಮ್ನೆ ನಿಂತಿರ್ತಾರೆ. ತಪ್ಪಾದ್ರೆ ಕಿವಿ ಹಿಡ್ಕೋತಾರೆ. ಸರಿ ಇದ್ರೆ ಹಿಂಗೆ." ಅವಳು ಗಲ್ಲವನ್ನು ತುಸು ಇಳಿಸಿ, ಕಣ್ಣು ಮುಚ್ಚಿ ತೆರೆದಳು. ಆ ಪುಟ್ಟ ಮುಖದಲ್ಲಿ ಕ್ಷಣಕಾಲ ಬೇರೆ ಯಾರೋ ಬಂದು ಹೋದ ಹಾಗಾಯಿತು.

ಅವರು ನೋಡಲು ಹೇಗಿದ್ದಾರೆ ಎಂದು ಕೇಳಿದಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

"ನಿಮ್ ಥರಾನೇ. ಆದ್ರೆ ಅವರನ್ನ ನೋಡಿದ್ರೆ ಭಯ ಆಗಲ್ಲ."

ದೆವ್ವಗಳು ಬದುಕಿರುವವರ ರೂಪ ತಾಳುತ್ತವೆ ಎಂದು ಅಜ್ಜಿ ಹೇಳುತ್ತಿದ್ದದ್ದು ಥಟ್ಟನೆ ನೆನಪಾಯಿತು. ಎಂ.ಎಸ್ಸಿ. ಪುಸ್ತಕಗಳಲ್ಲಿದ್ದದ್ದು ಒಂದೂ ನೆನಪಾಗಲಿಲ್ಲ!

ಎರಡನೇ ಸಾಕ್ಷಿ ನಮ್ಮ ಶಾಲೆಯ ಆಯಾ ಗೌರಮ್ಮ. ಆ ಕೋಣೆ ಗುಡಿಸುವಾಗ ಏನಾದರೂ ಅನ್ನಿಸುತ್ತದೆಯೇ ಎಂದು, ಬೇರೇನೋ ಮಾತಿನ ನಡುವೆ, ಜಾಣ್ಮೆಯಿಂದ ಕೇಳಿದೆ. ಅವರು ಪೊರಕೆಯನ್ನು ಗೋಡೆಗೆ ಒರಗಿಸಿ ಹತ್ತಿರ ಬಂದರು.

"ಯಾರಿಗೂ ಹೇಳ್ಬೇಡಿ ಮಿಸ್. ಆ ಮೂಲೆ ಹತ್ರ ಹೋದ್ರೆ ಬೆನ್ನ ಹಿಂದೆ ಯಾರೋ ನಿಂತಂಗೆ ಆಯ್ತದೆ. ಹೋದ ವರ್ಷ ಇರ್ಲಿಲ್ಲ. ಈ ಜೂನ್ ಇಂದ ಶುರುವಾಗಿರೋದು. ತಿರುಗಿ ನೋಡಿದ್ರೆ ಒಂದೊಂದ್ಸಲ ನೀವಿರ್ತಿದ್ರಿ, ಒಂದೊಂದ್ಸಲ ಯಾರೂ ಇರ್ತಿರ್ಲಿಲ್ಲ."

ನಾನು ಶಾಲೆಗೆ ಸೇರಿದ್ದೂ ಜೂನ್‌ನಲ್ಲೇ ಎಂಬ ಅಂಶ ನನ್ನ ಗಮನಕ್ಕೆ ಬಂದಿತು. ಕಾಕತಾಳೀಯವೆಂದು ಪಕ್ಕಕ್ಕಿಟ್ಟೆ.

ಮನೆಯಲ್ಲಿ ಇಂಥ ವಿಷಯಗಳನ್ನು ನಾನು ಬಾಯಿ ಬಿಡುವುದಿಲ್ಲ. ಆದರೆ ಆ ಸಂಜೆ ಅಡುಗೆ ಮನೆಯ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ತಿರುಗಿದ ಅಮ್ಮ ಸೌಟು ಬೀಳಿಸಿದರು. ಹೀಗೆ ಸದ್ದಿಲ್ಲದೆ ಬಂದು ನಿಲ್ಲಬೇಡ ಎಂದು ಎಷ್ಟು ಸಲ ಹೇಳಬೇಕೆಂದು ಬೈದು, ಮುಖ ನೋಡಿ, ಏನಾಯಿತೆಂದು ಕೇಳಿದರು. ಹೇಳಿದೆ. ಅಮ್ಮ ದೇವರ ಮನೆಯಿಂದ ವಿಭೂತಿ ಗಟ್ಟಿ ತಂದು ನನ್ನ ಕೈಗಿಟ್ಟರು.

"ಖಾಲಿ ಜಾಗ ಇದ್ರೆ ತಾನೇ ಕಣೇ ಬಂದು ನಿಲ್ಲೋದು? ಆ ಮೂಲೆಗೆ ಏನಾದ್ರೂ ತುಂಬು."

ತರ್ಕಬದ್ಧವಾಗಿತ್ತು. ವೈಜ್ಞಾನಿಕವಾಗಿಯೂ ಸರಿ ಎನ್ನಿಸಿತು. ಮಗುವಿನ ಗಮನ ಸೆಳೆಯುವ ವಸ್ತುವನ್ನು ಪರಿಸರದಿಂದ ತೆಗೆಯಬೇಕೆಂದು ಪುಸ್ತಕವೇ ಹೇಳುತ್ತದೆ. ಆ ವಸ್ತು ದೆವ್ವವಾಗಿದ್ದರೆ ತೆಗೆಯಬಾರದೆಂದು ಎಲ್ಲೂ ಹೇಳಿಲ್ಲ.

ಇಂಚರ ಓದಬೇಕಾದ ದಿನದ ಹಿಂದಿನ ಮಧ್ಯಾಹ್ನ, ಮಕ್ಕಳು ಮನೆಗೆ ಹೋದ ಮೇಲೆ, ನಾನೊಬ್ಬಳೇ ಕೋಣೆಗೆ ಹೋದೆ. ಬೀರುವಿನಲ್ಲಿದ್ದ ಚಾರ್ಟು, ಮಣ್ಣಿನ ಹಣ್ಣುಗಳು, ಅರ್ಧ ಬಳಿದ ಗಣಪತಿ, ಎಲ್ಲವನ್ನೂ ಹೊರಗೆ ತೆಗೆದು, ಬೀರುವನ್ನು ಮೂಲೆಗೆ ತಳ್ಳಿದೆ. ಅದು ಮನುಷ್ಯರ ದನಿಯಲ್ಲಿ ಕಿರುಚಿತು. ಅರ್ಧ ದಾರಿಯಲ್ಲಿ ಟ್ಯೂಬ್‌ಲೈಟ್ ಮಿಣುಕಿ ಆರಿತು. ಕತ್ತಲೆಯಲ್ಲಿ, ಮೂಲೆಯ ಕಡೆಯಿಂದ, ಯಾರೋ ಉಸಿರು ಬಿಡುವುದು ಸ್ಪಷ್ಟವಾಗಿ ಕೇಳಿಸಿತು. ನಾನು ಉಸಿರು ಬಿಗಿ ಹಿಡಿದೆ. ಅದೂ ಹಿಡಿಯಿತು. ನಾನು ಬಿಟ್ಟೆ. ಅದೂ ಬಿಟ್ಟಿತು. ಉಳಿದ ದೂರವನ್ನು ನಾನು ಹೇಗೆ ತಳ್ಳಿದೆನೋ ಆ ಶಿವನಿಗೇ ಗೊತ್ತು! ದೀಪ ಬಂದಾಗ ಬೀರು ಮೂಲೆಯಲ್ಲಿ ಭದ್ರವಾಗಿ ಕೂತಿತ್ತು. ಅದರ ಪಕ್ಕಕ್ಕೆ, ಯಾರಿಗೂ ಕಾಣದ ಕಡೆ, ಮೂರು ಬೆರಳಲ್ಲಿ ವಿಭೂತಿ ಎಳೆದೆ. ಶಾಲೆಯ ಆಸ್ತಿಗೆ ವಿಭೂತಿ ಹಚ್ಚುವ ವಿಷಯದಲ್ಲಿ ನಮ್ಮ ನಿಯಮಾವಳಿ ಏನನ್ನೂ ಹೇಳುವುದಿಲ್ಲ.

ಮಾರನೆಯ ದಿನ ಪ್ರಿನ್ಸಿಪಾಲ್ ಮೇಡಂ ಬಂದು ಪುಷ್ಪಾ ಮಿಸ್ ಕುರ್ಚಿಯಲ್ಲಿ ಕೂತರು. ನಾನು ಕಾರಿಡಾರಿನ ಕಿಟಕಿಯ ಪಕ್ಕ. ಇಂಚರಳ ಕೈಗೆ ಪುಸ್ತಕ ಬಂತು. ಅವಳು ಎದ್ದಳು. ಅಭ್ಯಾಸದಂತೆ ಹಿಂದೆ ತಿರುಗಿದಳು.

ಬೀರು.

ಅವಳ ಮುಖದಲ್ಲಿದ್ದ ಬಣ್ಣ ಇಳಿಯಿತು. ಇಡೀ ಕ್ಲಾಸು ಹಿಂದೆ ತಿರುಗಿತು. ಯಾರೋ ತೀರಿಕೊಂಡ ಮನೆಯ ಮೌನ. ಪ್ರಾರ್ಥನಾ ಬೆಂಚಿನ ಅಂಚು ಹಿಡಿದು ಇಂಚರಳನ್ನೇ ನೋಡುತ್ತಿದ್ದಳು. ಮೇಡಂ ಎರಡು ಸಲ "ಓದು ಪುಟ್ಟಾ" ಅಂದರು. ಕೆಳದುಟಿ ಮುಂದೆ ಬಂತು. ಎಲ್ಲ ಶಾಸ್ತ್ರ ಮರೆತು ನಾನು ಕಿಟಕಿಯ ಮಧ್ಯಕ್ಕೆ ಸರಿದುಬಿಟ್ಟೆ.

ಇಂಚರ ನನ್ನನ್ನು ನೋಡಿದಳು. ಅವಳಿಗೆ ಜೀವ ಬಂದ ಹಾಗಾಯಿತು. ಪುಸ್ತಕದತ್ತ ಬಗ್ಗಿ "ಬಾವಿಯ" ಎಂದು ಓದಿದಳು. ಸರಿಯಾಗಿತ್ತು! ನನ್ನನ್ನು ನೋಡಿದಳು. ಸಂಶಯದಿಂದ "ಬಾಳೆಯ" ಎಂದು ತಿದ್ದಿದಳು. ಮತ್ತೆ ನೋಡಿದಳು. "ಬಾಗಿಲ?" ಎಂದಳು. ಸರಿಯಾದ ಪದವನ್ನು ಈ ಹುಡುಗಿ ಯಾಕೆ ಕೆಡಿಸುತ್ತಿದ್ದಾಳೆ ಎಂದು ನಾನು ಇನ್ನಷ್ಟು ಕಂಗಾಲಾದೆ. ಮೇಡಂ ಪೆನ್ನಿನ ಕ್ಯಾಪ್ ತೆಗೆದರು.

ಇಂಚರ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಕಡೆ ಪೂರ್ತಿ ತಿರುಗಿದಳು.

"ಮಿಸ್, ಕಿವಿ ಬಿಡಿ."

ನನ್ನ ಕೈ ಎಲ್ಲಿದೆ ಎಂದು ನೋಡಿಕೊಂಡೆ. ಕಿವಿಯ ಮೇಲಿತ್ತು.

ಅಷ್ಟೇ ಅಲ್ಲ, ಅಲ್ಲಿ ಬಹಳ ಹೊತ್ತಿನಿಂದ ಇತ್ತು. ಜೂನ್‌ನಿಂದಲೇ ಇದ್ದಿರಬೇಕು. ನನಗೆ ಗೊತ್ತಿಲ್ಲದ ಹಾಗೆ ನಾನು ಆ ಮೂಲೆಯಲ್ಲಿ ಕಿವಿ ಹಿಡಿದು, ಗಲ್ಲ ಇಳಿಸಿ, ಇಡೀ ಎರಡನೇ ಕ್ಲಾಸಿಗೆ ಉತ್ತರ ಹಂಚುತ್ತಿದ್ದೆ. ನಾನು ಹೊರಗೆ ಬಂದಿದ್ದರೂ ಮಕ್ಕಳು ನನ್ನನ್ನು ಅಲ್ಲೇ ಇಟ್ಟುಕೊಂಡಿದ್ದರು. ದೆವ್ವ ಇತ್ತು. ಅದಕ್ಕೆ ಎಂ.ಎಸ್ಸಿ. ಆಗಿತ್ತು!

"ನೀವು ಆ ಕಡೆ ತಿರುಗಿ ನಿಂತ್ಕೊಳ್ಳಿ ಮಿಸ್. ನಾನು ಓದ್ತೀನಿ."

ಮೇಡಂ ನೋಡಿದರು. ಮಕ್ಕಳು ನೋಡಿದರು. ಯಾರಿಗೂ ಕಾಣದೆ ಬದುಕಿದ್ದವಳನ್ನು ಒಂದು ಇಡೀ ತರಗತಿ ಕಣ್ತುಂಬ ನೋಡಿತು. ನಾನು ತಿರುಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಶಿಕ್ಷೆಗೆ ಒಳಗಾದವಳಂತೆ ಕಾರಿಡಾರಿನ ಗೋಡೆ ನೋಡುತ್ತಾ ನಿಂತೆ. ಹಿಂದಿನಿಂದ ಆ ಪುಟ್ಟ ದನಿ ಬಂತು. "ಬಾವಿಯ... ದಂಡೆಯಲ್ಲಿ... ಒಂದು ಕಪ್ಪೆ..." ಒಂದು ಕಡೆ ಎಡವಿತು. ಬಹಳ ಹೊತ್ತು ನಿಂತಿತು. ನನ್ನ ಕೈ ಮೇಲೇರಲು ಒದ್ದಾಡಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದಿಟ್ಟೆ. ಎಡವಿದ ಪದಕ್ಕೆ ದನಿ ತಾನಾಗಿಯೇ ಹಿಂತಿರುಗಿ, ಬಿಡಿಸಿ, ಕೂಡಿಸಿ, ದಾಟಿ ಹೋಯಿತು. ಕಪ್ಪೆ ಬಾವಿಗೆ ಹಾರಿತು. ಪಾಠ ಮುಗಿಯಿತು. ಮೊದಲು ಚಪ್ಪಾಳೆ ಹೊಡೆದವಳು ಪ್ರಾರ್ಥನಾ ಎಂಬುದು ತಿರುಗದೆಯೂ ಗೊತ್ತಾಯಿತು.

ಇಂಚರ ಮೂರನೇ ಕ್ಲಾಸಿಗೆ ಹೋಗಬಹುದು, ಅವಳಿಗೆ ಇನ್ನು ಜೊತೆಗಾರರು ಬೇಡ ಎಂದು ಮೇಡಂ ಹೇಳಿದರು. ನನಗೆ ಮುಂದಿನ ವರ್ಷ ಎಲ್‌ಕೆಜಿ ಕೊಡುತ್ತಾರಂತೆ. ಅಲ್ಲಿ ಮಕ್ಕಳು ಯಾರನ್ನೂ ತಿರುಗಿ ನೋಡುವುದಿಲ್ಲವಾದ್ದರಿಂದ ಅಪಾಯವಿಲ್ಲ ಎಂದರು. ಪುಷ್ಪಾ ಮಿಸ್ ಸ್ಟಾಫ್ ರೂಮಿನಲ್ಲಿ ದನಿ ತಗ್ಗಿಸಿ, "ಬೇಜಾರು ಮಾಡ್ಕೋಬೇಡಿ ಮಿಸ್. ಹದಿನೇಳರ ಮಗ್ಗಿಗೆ ನಾನೂ ನಿಮ್ಮನ್ನೇ ನೋಡ್ತಿದ್ದೆ" ಅಂದರು.

ಸಂಜೆ ಗೇಟಿನ ಬಳಿ ಇಂಚರಳನ್ನು ಮೆಲ್ಲಗೆ ಕೇಳಿದೆ, ಮೂಲೆ ಮಿಸ್ ಈಗ ಎಲ್ಲಿ ಎಂದು. ಅವಳು ಅಪ್ಪನ ಸ್ಕೂಟರ್ ಹತ್ತುತ್ತಾ, "ಬೀರು ಹಿಂದೆ ಸಿಕ್ಕಾಕೊಂಡಿದಾರೆ, ಪಾಪ" ಅಂದಳು.

ಪಾಪ ಎಂದು ನನಗೂ ಅನ್ನಿಸಿತು. ಎಲ್ಲರೂ ಹೋದ ಮೇಲೆ ಕೋಣೆಗೆ ಹೋಗಿ ಬೀರುವನ್ನು ಮತ್ತೆ ಈಚೆಗೆ ಎಳೆಯತೊಡಗಿದೆ. ಒಬ್ಬರು ಹೊರಬರುವಷ್ಟು ಸಂದಿ ಆದಾಗ ಗೌರಮ್ಮ ಬಕೆಟ್ ಹಿಡಿದು ಬಂದರು. ಏನಾದರೂ ಬಿದ್ದುಹೋಯಿತೇ ಎಂದು ಕೇಳಿದರು. ಹೌದೆಂದೆ. ಅವರು ಮೊಬೈಲ್ ಟಾರ್ಚ್ ಹಾಕಿ ಮೂಲೆಯೊಳಗೆ ಇಣುಕಿದರು. ನಾನು ಉಸಿರು ಬಿಗಿ ಹಿಡಿದು ಕಾದೆ.

"ಏನೂ ಇಲ್ಲ ಮಿಸ್. ಯಾರೋ ತಲೆ ಒರಗಿಸಿ ಒರಗಿಸಿ ಗೋಡೆಗೆ ಎಣ್ಣೆ ಜಿಡ್ಡು ಹಿಡಿದಿದೆ, ಅಷ್ಟೇಯ."

ನೋಡಿದೆ. ಸರಿಯಾಗಿ ನನ್ನ ತಲೆಯ ಎತ್ತರಕ್ಕೆ, ದುಂಡಗೆ, ಒಂದು ಕಲೆ. ನನ್ನ ಇಡೀ ವರ್ಷದ ಸೇವೆ.

ಗೌರಮ್ಮ ಸೋಪಿನ ಬಟ್ಟೆಯಿಂದ ಉಜ್ಜಿದರು. ಒಂದೇ ಉಜ್ಜಿಗೆ ಹೋಯಿತು.