ಮೊದಲು ಸೂಟ್‌ಕೇಸು, ಆಮೇಲೆ ಮಾಸ್ತರ, ಕಡೆಗೆ ಹೆಂಡತಿ

ವಿಜ್ಞಾನ ಕಲಿಸುವವನ ಬದುಕು ಲೆಕ್ಕದ ಪ್ರಕಾರ ನಡೆಯುತ್ತದೆ ಅಂತ ಜನ ತಿಳಿದಿರುತ್ತಾರೆ. ನನಗಂತೂ ಹೊಸ ಸೆಮಿಸ್ಟರ್ ಬಂತೆಂದರೆ ಏನಾದರೊಂದು ಫಜೀತಿ ಆಗಲೇಬೇಕು. ಎಂಬತ್ತರ ದಶಕದಲ್ಲಿ ಕಲಬುರಗಿಯ ಕಾಲೇಜು ಬಿಟ್ಟು, ಇಥಿಯೋಪಿಯಾದ ವಿಶ್ವವಿದ್ಯಾಲಯವೊಂದಕ್ಕೆ ಫಿಜಿಕ್ಸ್ ಕಲಿಸಲು ಹೊರಟಾಗಲೂ ಅದು ನನ್ನ ಬೆನ್ನು ಬಿಡಲಿಲ್ಲ.

೧. ಪ್ರಸ್ಥಾನ

ನಾನು ಹೊರಡುವ ದಿನ ಪಂಚಾಂಗದ ಪ್ರಕಾರ ಚಲೋ ಇರಲಿಲ್ಲ. ನಮ್ಮಲ್ಲಿ ಅದಕ್ಕೊಂದು ಉಪಾಯವಿದೆ. ಒಳ್ಳೆಯ ದಿನ ನೋಡಿ ಸಾಮಾನನ್ನು ಮೊದಲೇ ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಶುರುವಾದಂತೆಯೇ, ಅದೇ ಪ್ರಸ್ಥಾನ. ಅವ್ವ ನನ್ನ ಸೂಟ್‌ಕೇಸನ್ನು ಪಕ್ಕದ ಮನೆಯ ಕಾಕಾನ ಹತ್ತಿರ ಇಟ್ಟಳು. ಪಾಸ್‌ಪೋರ್ಟೂ ಅದರೊಳಗೇ ಇತ್ತು.

ಹೊರಡುವ ದಿನ ಬೆಳಿಗ್ಗೆ ನೋಡಿದರೆ ಪಕ್ಕದ ಮನೆಗೆ ಬೀಗ! ಕಾಕಾ ತೊಟ್ಟಿಲ ಕಾರ್ಯಕ್ಕೆಂದು ಕಮಲಾಪುರಕ್ಕೆ ಹೋಗಿದ್ದರು. ಬಸ್ಸು ಹಿಡಿದು ಓಡಿದೆ. ಅವರು ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

"ಕಾಕಾ, ಕೀಲಿಕೈ ಕೊಡ್ರಿ, ಸಂಜೀಕ ನನ್ನ ರೈಲು ಅದ!"

"ರೈಲು ಸಂಜೀಕ ಅದ, ಹೋಳಿಗಿ ಈಗ ಅದ. ಕೂಡು."

ನನ್ನ ಹೆಂಡತಿಯ ತವರೂ ಕಮಲಾಪುರವೇ. ಅವಳೂ ಅದೇ ಊಟಕ್ಕೆ ಬಂದಿದ್ದಳು. ಬಡಿಸುತ್ತಲೇ ತನ್ನ ಷರತ್ತು ಹೇಳಿದಳು: "ಒಂದು ಸೆಮಿಸ್ಟರ್ ನೀವು ಕಲಿಸ್ರಿ. ಎರಡನೇದಕ್ಕ ನಾ ಬಂದು ನೋಡ್ತೀನಿ. ನನಗ ಸೇರಿದ್ರ ಇರೂಣು, ಇಲ್ಲಾಂದ್ರ ಇಬ್ರೂ ವಾಪಸ್."

ನನಗೆ ಆ ಕೆಲಸ ಬಿಡಲು ಮನಸ್ಸಿರಲಿಲ್ಲ, ಅವಳನ್ನು ಬಿಟ್ಟಿರಲು ಮೊದಲೇ ಇರಲಿಲ್ಲ.

ಹೋಳಿಗೆ ಮುಗಿಸಿ, ಕೀಲಿಕೈ ಇಸಿದುಕೊಂಡು, ಏದುಸಿರು ಬಿಡುತ್ತ ಮನೆ ಮುಟ್ಟಿದಾಗ ಅವ್ವ ಅಂದಳು: "ನೋಡು, ಸೂಟ್‌ಕೇಸ್ ಮುಹೂರ್ತಕ್ಕ ಸರಿಯಾಗಿ ಹೊಂಟಿತ್ತು. ತಡಾ ಮಾಡಿದಾಂವ ನೀನ."

೨. ಉಸಿರು

ಮೊದಲನೆಯ ಕ್ಲಾಸು. ಬೋರ್ಡಿನ ಮೇಲೊಂದು ಸಮೀಕರಣ ಬರೆದು, "ತಿಳಿಯಿತೇ?" ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಇಡೀ ಕ್ಲಾಸು ಒಮ್ಮೆಲೇ ಗಕ್ಕನೆ ಉಸಿರು ಒಳಗೆಳೆದುಕೊಂಡಿತು. ನಮ್ಮ ಕಡೆ ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕವರು ಮಾಡುವ ಸಪ್ಪಳ! ಎಲ್ಲೋ ಭಾರಿ ತಪ್ಪಾಗಿದೆ ಅಂತ ಎಲ್ಲ ಅಳಿಸಿ ಮತ್ತೆ ಬರೆದು ಕೇಳಿದೆ. ಮತ್ತೆ ಗಕ್ಕ್. ಕ್ಲಾಸು ಮುಗಿಯುವಷ್ಟರಲ್ಲಿ ಅಂಗಿ ತೊಯ್ದು ಹೋಗಿತ್ತು.

ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ, "ಸರ್, ನನ್ನ ಪಾಠಕ್ಕೆ ಹುಡುಗರು ಗಾಬರಿಯಾಗುತ್ತಿದ್ದಾರೆಯೇ?" ಅಂದೆ. ನಡೆದದ್ದೆಲ್ಲ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ದೇಶದಲ್ಲಿ ಹಾಗೆ ಉಸಿರೆಳೆದರೆ "ಹೌದು" ಎಂದರ್ಥವಂತೆ.

ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಆ ಚಟ ನನಗೂ ಅಂಟಿತ್ತು. ರಜೆಗೆ ಕಲಬುರಗಿಗೆ ಬಂದು ಊಟಕ್ಕೆ ಕೂತಾಗ ಅವ್ವ, "ಪುಂಡಿಪಲ್ಯ ಇನ್ನಷ್ಟು ಹಾಕಲೇನು?" ಅಂದಳು. ನಾನು ಗಕ್ಕನೆ ಉಸಿರೆಳೆದೆ.

"ಅಯ್ಯ, ಖಾರ ಆತೇನೋ!" ಅಂತ ತಾಟಿನಲ್ಲಿದ್ದ ಪಲ್ಯವನ್ನೂ ತೆಗೆದುಬಿಟ್ಟಳು.

೩. ತುತ್ತು

ಎರಡನೆಯ ಸೆಮಿಸ್ಟರಿಗೆ ಹೆಂಡತಿ ಜೊತೆಗೆ ಬಂದಳು. ಮೊದಲ ವಾರವೇ ಮುಖ್ಯಸ್ಥರ ಮನೆಯಲ್ಲಿ ನಮಗೆ ಊಟ. ನಾವು ಮಾಂಸ ತಿನ್ನುವುದಿಲ್ಲವೆಂದು ಬರೀ ಬೇಳೆ, ಕಾಯಿಪಲ್ಯ ಮಾಡಿಸಿದ್ದರು. ನಡುವೆ ಹುಳಿದೋಸೆಯಂಥ ದೊಡ್ಡ ರೊಟ್ಟಿ ಹಾಸಿದ ಒಂದೇ ತಟ್ಟೆ, ಸುತ್ತ ಎಲ್ಲರೂ. ನನ್ನ ಹೆಂಡತಿ ಮಡಿ ಮನೆತನದ ಮಗಳು, ಲೋಟಕ್ಕೆ ತುಟಿ ಹಚ್ಚದೆ ನೀರು ಕುಡಿಯುವವಳು.

ಅಷ್ಟರಲ್ಲಿ ಮುಖ್ಯಸ್ಥರು ರೊಟ್ಟಿ ಹರಿದು, ಬೇಳೆ ತುಂಬಿ, ನಿಂಬೆಹಣ್ಣಿನಷ್ಟು ದೊಡ್ಡ ತುತ್ತು ಮಾಡಿ ನೇರವಾಗಿ ಅವಳ ಬಾಯಿಯ ಹತ್ತಿರ ಹಿಡಿದರು. ಅತಿಥಿಗೆ ಕೈಯಾರೆ ತುತ್ತು ತಿನ್ನಿಸುವುದು ಅಲ್ಲಿಯ ಮರ್ಯಾದೆ. ಒಲ್ಲೆ ಅಂದರೆ ಅವಮಾನ. ಇದನ್ನು ಅವಳಿಗೆ ಮೊದಲೇ ಹೇಳುವುದನ್ನು ನಾನು ಮರೆತಿದ್ದೆ. ಮುಗಿಯಿತು, ನಾಳೆಯೇ ಕಮಲಾಪುರ ಅಂದುಕೊಂಡು ಕಣ್ಣು ಮುಚ್ಚಿದೆ.

ತೆರೆದಾಗ ಅವಳ ಎರಡೂ ಗಲ್ಲ ಉಬ್ಬಿದ್ದವು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅವಳು ನಿಧಾನವಾಗಿ ಅಗಿದು ನುಂಗಿ, ಸೆರಗಿನಿಂದ ತುಟಿ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ನಮ್ಮ ಲಗ್ನದಾಗ ಇಷ್ಟಽ ಇಷ್ಟು ತುತ್ತು ತಿನಸಾಕ ನಿಮ್ಮ ಕೈ ನಡುಗಿ, ಅರ್ಧಾ ನನ್ನ ಸೀರಿ ಮ್ಯಾಲ ಚೆಲ್ಲಿದ್ರಿ. ಇವರನ್ನ ನೋಡಿ ಕಲೀರಿ. ನೀವು ಕಲಿಯೂತನಕ ಇಲ್ಲೇ ಇರೂಣು."