ಮಾರೇಶನ ಅರ್ಧ ಜೋಕು

ಮಾರೇಶನಿಗೆ ಜೋಕು ಹೇಳುವ ಚಟ. ಹರಪನಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಅವನು ಗುಮಾಸ್ತ. ಅವನ ಜೋಕುಗಳಿಗೆ ಅವನಿಗಿಂತ ಹೆಚ್ಚು ಸರ್ವಿಸ್ ಆಗಿತ್ತು. ಕೇಳುವವರು ಹಳೇ ಪರಿಚಯದ ಮುಲಾಜಿಗೆ ನಗುತ್ತಿದ್ದರು.

ಗುರುವಾರ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಮುಖ ಸಪ್ಪಗೆ ಮಾಡಿಕೊಂಡ. ಆ ಜೋಕಿಗೆ ಅಂಥ ಮುಖವೇ ಬೇಕಿತ್ತು.

"ಏನ್ ಹೇಳ್ಲಿ ಮೇಡಂ, ನಾನು ಹೆಂಡ್ತಿ ಜೊತಿ ಮಾತಾಡಿ ಮೂರು ದಿನ ಆತು."

ಕನ್ನಡ ಮೇಡಂ ನಾಗಲಿಂಗಮ್ಮ ಹಾಜರಿ ಪುಸ್ತಕದಿಂದ ತಲೆ ಎತ್ತಿದರು. "ಯಾಕಪ್ಪ?"

ಆ 'ಯಾಕ'ಗೆ ಕೊಡುವ ಉತ್ತರದಲ್ಲೇ ನಗು ಇತ್ತು. ಮಾರೇಶ ಬಾಯಿ ತೆರೆದ, ಗಂಟೆ ಹೊಡೆಯಿತು. ಒಳಗಿನಿಂದ ಹೆಡ್‌ಮಾಸ್ಟರು ಕೂಗಿದರು. ಅವನು ಫೈಲು ಹಿಡಿದು ಓಡಿದ. ಮೇಡಂ ಮನಸ್ಸಿನಲ್ಲಿ ಆ ಸಪ್ಪೆ ಮುಖ ಮಾತ್ರ ಉಳಿಯಿತು.

ಎರಡನೇ ಪೀರಿಯಡ್ ಮುಗಿಯುವಷ್ಟರಲ್ಲಿ ಸುದ್ದಿ ಮೈದಾನ ಮುಟ್ಟಿತ್ತು. ಡ್ರಿಲ್ ಮಾಸ್ತರ್ ಸಂಜೀವ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಎಲ್ಲಾ ಒಳಗ ಇಟ್ಕೋಬಾರ್ದ್ರಿ ಸರ."

"ಅದು ಜೋಕಪ್ಪ."

"ನಮ್ಮ ಮಾವನೂ ಹಿಂಗ ನಗತಿದ್ದ. ಆಮ್ಯಾಲೆ ಬಿಪಿ ಬಂತು."

"ಪೂರ್ತಿ ಕೇಳು ಮಾರಾಯ. ಮೂರು ದಿನ ಯಾಕ ಮಾತಾಡಿಲ್ಲ ಅಂದ್ರ..."

"ಕಾರಣ ಬ್ಯಾಡ್ರಿ ಸರ. ಗಂಡ ಹೆಂಡ್ತಿ ನಡುವಿಂದು ನಾವು ಕೇಳಬಾರ್ದು," ಎಂದವನೇ ಸಂಜೀವ ಸೀಟಿ ಬಾಯಿಗಿಟ್ಟುಕೊಂಡು ಹೊರಟುಹೋದ.

ಕಾರಣ ಕೇಳಬಾರದೆಂಬ ಸಭ್ಯತೆ ಆ ದಿನ ಇಡೀ ಶಾಲೆಗೆ ಒಮ್ಮೆಲೇ ಬಂದುಬಿಟ್ಟಿತ್ತು. ಮಾರೇಶ ಬಾಯಿ ತೆರೆದರೆ ಸಾಕು, ಯಾರಾದರೊಬ್ಬರು ಬೆನ್ನು ಸವರುತ್ತಿದ್ದರು. ಊಟದ ಹೊತ್ತಿಗೆ ಅವನ ಮುಂದೆ ನಾಲ್ಕು ಮನೆಯ ಪಲ್ಯ ಬಂದು ಕೂತಿತು, ಬಾಣಂತಿಯನ್ನು ನೋಡಲು ಬಂದವರು ತಂದಿಟ್ಟ ಹಾಗೆ.

"ನಿಮ್ಮ ಮನಿಯಾಕಿಗೆ ಫೋನ್ ಮಾಡಿದ್ದೆ," ಎಂದರು ನಾಗಲಿಂಗಮ್ಮ.

ಮಾರೇಶ ಕೈಲಿದ್ದ ರೊಟ್ಟಿ ಕೆಳಗಿಟ್ಟ. "ಏನಂದ್ಲ್ರಿ?"

"ಏನೂ ಅನ್ನಲಿಲ್ಲ. ಅತ್ತಂಗಾತು. ಅದಕ್ಕ ನಿಮ್ಮ ಅತ್ತಿಗೂ ಮಾಡಿದೆ. ಉಚ್ಚಂಗಿದುರ್ಗ ನಮ್ಮೂರೂ ಹೌದಲ್ಲ."

ಹೆಡ್‌ಮಾಸ್ಟರು ತಾವೇ ಅರ್ಧ ದಿನದ ರಜೆ ಅರ್ಜಿ ಬರೆದು, ಮಾರೇಶನಿಂದ ಸಹಿ ಹಾಕಿಸಿಕೊಂಡರು. "ಇವರನ್ನ ಒಬ್ಬರನ್ನೇ ಕಳಿಸಬ್ಯಾಡ್ರಿ," ಎಂದು ಮೇಡಂಗೂ ಸಂಜೀವನಿಗೂ ಹೇಳಿದರು. ಮೇಡಂ ಸ್ಕೂಟಿಯ ಹಿಂದೆ ಮಾರೇಶ, ಅವರ ಹಿಂದೆ ಬೈಕಿನಲ್ಲಿ ಸಂಜೀವ. ದಾರಿಯಲ್ಲಿ ಕಂಡವರೆಲ್ಲ ಯಾರಿಗೆ ಏನಾಯಿತೋ ಎಂದು ನಿಂತು ನೋಡಿದರು.

ಮನೆಯಲ್ಲಿ ಅತ್ತೆ ಭರಮಮ್ಮ ಆಗಲೇ ಬಸ್ಸಿಳಿದು ಬಂದು ಕುರ್ಚಿಯಲ್ಲಿ ಕೂತಿದ್ದಳು. ಒಳಗಿನಿಂದ ಗೋಧಿ ಹುಗ್ಗಿಯ ಸಿಹಿ ವಾಸನೆ. ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಸುಮಂಗಲಾ. ಕಣ್ಣು ಕೆಂಪಾಗಿದ್ದವು, ಆದರೆ ತುಟಿಯಲ್ಲಿ ಸಣ್ಣ ನಗೆ.

"ಅಳಿಯಂದ್ರ, ನಮ್ಮ ಹುಡುಗಿಗೆ ಹಟ ಜಾಸ್ತಿ," ಎಂದಳು ಭರಮಮ್ಮ. "ನೀವು ದೊಡ್ಡ ಮನಸು ಮಾಡ್ರಿ. ಇಲ್ಲಿಗೆ ಮುಗಸ್ರಿ."

ಅಲ್ಲಿಗೆ ಮುಗಿಸಿದ್ದರೆ ಮುಗಿಯುತ್ತಿತ್ತು. ಆದರೆ ಎಲ್ಲರೂ ಸುಮ್ಮನೆ ಮಾರೇಶನನ್ನೇ ನೋಡುತ್ತಿದ್ದರು. ಬೆಳಗಿನಿಂದ ಅವನಿಗೆ ಅಂಥದೊಂದು ನಿಶ್ಶಬ್ದ ಸಿಕ್ಕಿರಲಿಲ್ಲ.

"ಅತ್ತಿ, ಅದು ಬರೇ ಜೋಕು. ಮೂರು ದಿನ ಯಾಕ ಮಾತಾಡಿಲ್ಲ ಅಂದ್ರ, ಆಕಿ ಮಾತಾಡುವಾಗ ನಾವು ನಡುವ ಬಾಯಿ ಹಾಕಬಾರ್ದು ನೋಡ್ರಿ, ಅದಕ್ಕ."

ಸಂಜೀವ ನಗಲು ಶುರು ಮಾಡಿದ. ಭರಮಮ್ಮ ಅವನ ಕಡೆ ನೋಡಿದ್ದರಿಂದ ಅದನ್ನು ಕೆಮ್ಮು ಮಾಡಿಕೊಂಡ.

ಸುಮಂಗಲಾಳ ತುಟಿಯ ನಗೆ ಆರಿತು. "ಅಂದ್ರ, ನಿಮಗ ಗೊತ್ತಾಗೇ ಇಲ್ಲ?"

"ಏನು?"

"ಸೋಮವಾರ ಸಂಜಿಯಿಂದ ನಾನು ನಿಮ್ಮ ಜೊತಿ ಮಾತು ಬಿಟ್ಟೀನಿ."

ಮಾರೇಶ ಮೂರು ದಿನಗಳನ್ನು ನೆನಪಿಸಿಕೊಂಡ. ಚಹಾ ಬಂದಿತ್ತು, ರೊಟ್ಟಿ ಬಂದಿತ್ತು. ಮನೆಯಲ್ಲಿ ಮಾತೂ ಇತ್ತು. ಅದೆಲ್ಲ ತನ್ನದೇ ಎಂಬುದು ಈಗ ಹೊಳೆಯಿತು.

"ಮೇಡಂ ಫೋನ್ ಮಾಡಿ, ನೀವು ಕೊರಗತೀರಿ ಅಂದಾಗ ಅಳು ಬಂತು. ಅಂತೂ ಗಮನಕ್ಕ ಬಂತಲ್ಲ ಅಂತ ಹುಗ್ಗಿಗೆ ಇಟ್ಟೆ," ಎಂದಳು ಸುಮಂಗಲಾ.

ನಾಗಲಿಂಗಮ್ಮ ಮೆಲ್ಲಗೆ ಕೇಳಿದರು, "ಸೋಮವಾರ ಏನಾತಮ್ಮ?"

ಸುಮಂಗಲಾ ಅಂಗನವಾಡಿ ಕಾರ್ಯಕರ್ತೆ. ಸೋಮವಾರ ಹೊಸಪೇಟೆಯ ಸಭೆಯಲ್ಲಿ ಮೊದಲ ಸಲ ಮೈಕು ಹಿಡಿದು ಇನ್ನೂರು ಜನರ ಮುಂದೆ ಮಾತಾಡಿದ್ದಳು. ಚಪ್ಪಾಳೆ ಬಿದ್ದಿತ್ತು. ಅದನ್ನು ಹೇಳಬೇಕೆಂದು ಬಸ್ಸಿಳಿದು ಓಡೋಡಿ ಬಂದು 'ಇನ್ನೂರು ಮಂದಿ' ಎನ್ನುವಷ್ಟರಲ್ಲಿ ಗಂಡ ಹೇಳಿದ್ದು ಇಷ್ಟು: "ಇಷ್ಟು ವರ್ಷ ನಾನೊಬ್ಬನೇ ಕೇಳತಿದ್ದೆ. ಇವತ್ತು ಇನ್ನೂರು ಮಂದಿಗೆ ಗೊತ್ತಾತು ನನ್ನ ಕಷ್ಟ."

ಆವತ್ತು ಬಿದ್ದುಬಿದ್ದು ನಕ್ಕಿದ್ದವನು ಈಗ ತಲೆ ತಗ್ಗಿಸಿದ.

ಸುಮಂಗಲಾ ಒಳಗೆ ಹೋದಳು. ಹುಗ್ಗಿ ಎಲ್ಲರಿಗೂ ಬಂತು, ಅವನಿಗೂ ಬಂತು. ಅವಳ ಮಾತು ಮಾತ್ರ ಬರಲಿಲ್ಲ. ಮಾರೇಶ ತಟ್ಟೆ ಹಿಡಿದು ಎಷ್ಟೋ ಹೊತ್ತು ಸುಮ್ಮನೆ ಕೂತ. ಅವನು ಅಷ್ಟು ಹೊತ್ತು ಸುಮ್ಮನಿದ್ದುದನ್ನು ಯಾರೂ ಕಂಡಿರಲಿಲ್ಲ.

"ಸುಮಾ," ಎಂದ ಕೊನೆಗೆ, "ಮೈಕಿನಾಗ ಏನ್ ಮಾತಾಡಿದಿ?"

ಅವಳು ತುಪ್ಪದ ಗಿಂಡಿ ಹಿಡಿದು ನಿಂತಳು. ಅವನ ಹುಗ್ಗಿಗೆ ಇನ್ನೊಂದು ಚಮಚ ತುಪ್ಪ ಹಾಕಿ ಅಮ್ಮನ ಕಡೆ ತಿರುಗಿದಳು.

"ಯವ್ವಾ, ಇವತ್ತಿಂದ ಮತ್ತ ಮೂರು ದಿನ ಮಾತಿಲ್ಲ ಅಂತ ಹೇಳು ಅವರಿಗೆ. ಅದನ್ನ ಭಾನುವಾರ ಕೇಳಲಿ, ಹೇಳತೀನಿ."